ಮಡಿಕೆಯೊಳಗಿನ ಗಾಳಿ

ಆಸ್ಪತ್ರೆಯಲ್ಲಿ ಕೆಲಸ ಅಂದ ತಕ್ಷಣ ಜನ ಕೇಳುವುದು ಎರಡೇ ಪ್ರಶ್ನೆ: ಡಾಕ್ಟರಾ, ನರ್ಸಾ? ಎರಡೂ ಅಲ್ಲ ಅಂದರೆ ಮುಖದಲ್ಲಿ ಸ್ವಲ್ಪ ನಿರಾಸೆ ಕಾಣುತ್ತದೆ. ನಾನಿರುವುದು ಸಿಎಸ್‌ಎಸ್‌ಡಿಯಲ್ಲಿ. ಬಿಡಿಸಿ ಹೇಳಿದರೆ ಸೆಂಟ್ರಲ್ ಸ್ಟೆರೈಲ್ ಸಪ್ಲೈ ಡಿಪಾರ್ಟ್‌ಮೆಂಟ್. ಆಪರೇಷನ್ ಥಿಯೇಟರಿಗೆ ಹೋಗುವ ಕತ್ತರಿ, ಚಿಮಟ, ಡಾಕ್ಟರ್ ತೊಡುವ ಗೌನು, ರೋಗಿಯ ಮೈಮೇಲೆ ಹೊದಿಸುವ ಹಸಿರು ಬಟ್ಟೆ, ಕೈ ಒರೆಸುವ ಟವೆಲು ಎಲ್ಲವೂ ಸ್ಟೆರಿಲೈಸ್ ಆಗಿ ಹೊರಡುವುದು ನಮ್ಮಲ್ಲಿಂದ. ಮಧ್ಯ ಕರ್ನಾಟಕದ ಒಂದು ಊರಿನ ಆಸ್ಪತ್ರೆ ಇದು. ನಮ್ಮ ವಿಭಾಗ ಇರುವುದು ನೆಲಮಾಳಿಗೆಯಲ್ಲಿ, ಲಾಂಡ್ರಿ ಪಕ್ಕ. ರೋಗಿಗಳು ಈ ಕಡೆ ಬರುವುದೇ ಇಲ್ಲ. ನಮ್ಮ ಅತ್ತೆ ಇದನ್ನು "ಆಸ್ಪತ್ರೆ ಬಟ್ಟೆ ಬೇಯಿಸೋ ಕೆಲಸ" ಅಂತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಾವು ಮಾಡುವುದು ಅದನ್ನೇ.

ಆದರೆ ಬಟ್ಟೆ ಬೇಯಿಸುವುದು ಬೇಳೆ ಬೇಯಿಸಿದಷ್ಟು ಸುಲಭ ಅಲ್ಲ. ಬೇಳೆ ಬೆಂದಿದೆಯೋ ಇಲ್ಲವೋ ಬೆರಳಲ್ಲಿ ಹಿಸುಕಿ ನೋಡಬಹುದು. ಬಟ್ಟೆಯ ಗಂಟು ಬೆಂದಿದೆಯೋ ಇಲ್ಲವೋ ನೋಡಿ ಹೇಳಲಾಗುವುದಿಲ್ಲ. ಬೇಯದೆ ಉಳಿದರೆ ಅದಕ್ಕೆ ಕಾರಣ ಬಹಳ ಸಲ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಒಂದು ವಸ್ತು. ನೀವು ಈಗ ಉಸಿರಾಡುತ್ತಿರುವ ಗಾಳಿ.

ಹಬೆಯೇ ಯಾಕೆ?

ಬಟ್ಟೆ ಚೆನ್ನಾಗಿ ಒಗೆದರೆ ಕೊಳೆ ಹೋಗುತ್ತದೆ, ಬಹಳಷ್ಟು ಸೂಕ್ಷ್ಮಾಣುಗಳೂ ಹೋಗುತ್ತವೆ. ತೆರೆದ ಗಾಯದ ಪಕ್ಕ ಇಡುವ ಬಟ್ಟೆಗೆ ಈ "ಬಹಳಷ್ಟು" ಸಾಲದು. ಧನುರ್ವಾಯು ತರುವ ಬ್ಯಾಕ್ಟೀರಿಯಾದಂಥ ಕೆಲವು ಜೀವಿಗಳು ಕಷ್ಟಕಾಲ ಬಂದಾಗ ಬೀಜದ ಹಾಗೆ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತವೆ. ಇದಕ್ಕೆ ಸ್ಪೋರ್ ಅಂತ ಹೆಸರು. ಕುದಿಯುವ ನೀರನ್ನೂ ತಡೆದುಕೊಳ್ಳುವ ಸ್ಪೋರ್‌ಗಳಿವೆ. ಅವನ್ನು ಕೊಲ್ಲಲು 100 ಡಿಗ್ರಿಗಿಂತ ಬಿಸಿಯಾದ, ಒತ್ತಡದಲ್ಲಿರುವ ಹಬೆ ಬೇಕು.

ಬರೀ ಬಿಸಿಗಾಳಿ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ 160 ಡಿಗ್ರಿಯಲ್ಲಿ 2 ಗಂಟೆ ಬೇಕು. ಅಷ್ಟರಲ್ಲಿ ಹತ್ತಿ ಬಟ್ಟೆ ಕಂದಿ ಹೋಗುತ್ತದೆ. ಅದೇ ಹಬೆಯಾದರೆ, ಅದು ನೇರವಾಗಿ ತಾಗುವ ಕಡೆ 121 ಡಿಗ್ರಿಯಲ್ಲಿ 15 ನಿಮಿಷ ಸಾಕು. 134 ಡಿಗ್ರಿಗೆ ಹೋದರೆ 3 ನಿಮಿಷವೇ ಸಾಕು.

ವ್ಯತ್ಯಾಸ ಯಾಕೆ ಅಂತ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. 180 ಡಿಗ್ರಿ ಓವನ್ನಿನ ಬಾಗಿಲು ತೆಗೆದು ಒಂದು ಕ್ಷಣ ಕೈ ಒಳಗಿಟ್ಟರೆ ಸುಡುವುದಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ 100 ಡಿಗ್ರಿಯ ಹಬೆ ಅದೇ ಒಂದು ಕ್ಷಣ ತಾಗಿದರೆ ಬೊಬ್ಬೆ ಏಳುತ್ತದೆ. ಒಂದು ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಶಾಖ ಬೇಕು. ಆಮೇಲೆ ಅದನ್ನು ಹಬೆ ಮಾಡಲು ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಈ 540ನ್ನು ಹಬೆ ತನ್ನೊಳಗೆ ಇಟ್ಟುಕೊಂಡಿರುತ್ತದೆ. ತಣ್ಣಗಿನ ವಸ್ತು ಸಿಕ್ಕ ಕೂಡಲೇ ನೀರಾಗಿ, ಇಟ್ಟುಕೊಂಡಿದ್ದನ್ನೆಲ್ಲ ಅದರ ಮೇಲೆ ಸುರಿಯುತ್ತದೆ. ಹೀಗೆ ಸಿಗುವ ತೇವ ಸೇರಿದ ಶಾಖ ಸೂಕ್ಷ್ಮಾಣುವಿನ ಪ್ರೋಟೀನನ್ನು ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ ಗಟ್ಟಿ ಮಾಡಿಬಿಡುತ್ತದೆ.

ಇನ್ನೊಂದು ಲಾಭವೂ ಇದೆ. ಒಂದು ಲೀಟರ್ ನೀರು ಕುದಿದರೆ 1600 ಲೀಟರಿಗಿಂತ ಹೆಚ್ಚು ಹಬೆಯಾಗುತ್ತದೆ. ಆ ಹಬೆ ಬಟ್ಟೆಗೆ ತಾಗಿ ಮತ್ತೆ ನೀರಾದಾಗ ಅಷ್ಟೂ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಹಿಂದಿನ ಹಬೆ ನುಗ್ಗುತ್ತದೆ, ಅದರ ಹಿಂದೆ ಇನ್ನಷ್ಟು. ಹೀಗೆ ಪದರದಿಂದ ಪದರಕ್ಕೆ ಹಬೆ ತಾನಾಗಿಯೇ ಒಳಗೆ ನಡೆದು ಹೋಗಬೇಕು. ದಾರಿಯಲ್ಲಿ ಗಾಳಿ ಇಲ್ಲದಿದ್ದರೆ ಹಾಗೇ ಹೋಗುತ್ತದೆ.

ಮೀಟರಿನ ಮುಳ್ಳು ಹೇಳದ ವಿಷಯ

ನಿಮ್ಮ ಅಮ್ಮ ಕುಕ್ಕರ್ ಇಡುವುದನ್ನು ಗಮನಿಸಿದ್ದೀರಾ? ಮುಚ್ಚಳ ಹಾಕಿದ ಕೂಡಲೇ ವೆಯ್ಟ್ ಹಾಕುವುದಿಲ್ಲ. ನಳಿಗೆಯಿಂದ ಹಬೆ ಸುಯ್ ಅಂತ ನೆಟ್ಟಗೆ ಬರುವವರೆಗೆ ಕಾಯುತ್ತಾರೆ, ಆಮೇಲೆ ಹಾಕುತ್ತಾರೆ. ಆ ಅರ್ಧ ನಿಮಿಷದಲ್ಲಿ ಹಬೆ ಕುಕ್ಕರಿನೊಳಗಿದ್ದ ಗಾಳಿಯನ್ನು ಹೊರಗೆ ತಳ್ಳುತ್ತಿರುತ್ತದೆ. ನಮ್ಮ ಮೆಷಿನ್ನಿಗೆ ಆಟೋಕ್ಲೇವ್ ಅಂತ ಹೆಸರು. ಅದೂ ಒಂದು ದೊಡ್ಡ ಕುಕ್ಕರೇ. 1679ರಲ್ಲಿ ಡೆನಿಸ್ ಪಾಪಿನ್ ಎಂಬಾತ ಮೂಳೆ ಮೆತ್ತಗೆ ಬೇಯಿಸಲು ಒತ್ತಡದ ಪಾತ್ರೆ ಮಾಡಿದ. ಸರಿಯಾಗಿ 200 ವರ್ಷದ ನಂತರ, 1879ರಲ್ಲಿ, ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಜತೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಶಾಂಬರ್ಲಾಂಡ್ ಅದೇ ತತ್ವದ ಮೇಲೆ ಆಟೋಕ್ಲೇವ್ ರೂಪಿಸಿದರು.

ಆಟೋಕ್ಲೇವಿನಲ್ಲಿ ಗಾಳಿ ಉಳಿದರೆ ಏನಾಗುತ್ತದೆ? ಒತ್ತಡದ ಮೀಟರ್ ಸರಿಯಾಗಿಯೇ ತೋರಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಬಸ್ಸಿನ ಲೆಕ್ಕ ಹಾಕಿ ನೋಡಿ. ತಲೆ ಎಣಿಸಿದರೆ 50 ಜನ, ಬಸ್ ಫುಲ್. ಕಂಡಕ್ಟರ್ ಚೀಲದಲ್ಲಿ ದುಡ್ಡು ಎಣಿಸಿದರೆ ಟಿಕೆಟ್ ತಗೊಂಡವರು ಅರ್ಧ ಜನ. ಒತ್ತಡದ ಮೀಟರ್ ತಲೆ ಎಣಿಸುತ್ತದೆ. ಅದಕ್ಕೆ ಹಬೆಯೂ ಒಂದೇ, ಗಾಳಿಯೂ ಒಂದೇ. ಶಾಖ ತರುವುದು ಮಾತ್ರ ಹಬೆ ಒಂದೇ.

ಹಳೆಯ ಪಠ್ಯಪುಸ್ತಕಗಳಲ್ಲೆಲ್ಲ ಇರುವ ಲೆಕ್ಕ ಹೀಗಿದೆ. ಮೀಟರ್ 15 ಪೌಂಡ್ ಒತ್ತಡ ತೋರಿಸುತ್ತಿದೆ ಅಂದುಕೊಳ್ಳಿ. ಗಾಳಿ ಪೂರ್ತಿ ಹೊರಗೆ ಹೋಗಿದ್ದರೆ ಒಳಗೆ 121 ಡಿಗ್ರಿ ಇರುತ್ತದೆ. ಮೂರರಲ್ಲಿ ಎರಡು ಪಾಲು ಹೋಗಿದ್ದರೆ 115. ಅರ್ಧ ಹೋಗಿದ್ದರೆ 112. ಒಂದು ಪಾಲು ಮಾತ್ರ ಹೋಗಿದ್ದರೆ 109. ಏನೂ ಹೋಗದಿದ್ದರೆ ಬರೀ 100. ಐದೂ ಸಲ ಮುಳ್ಳು ನಿಂತಿರುವುದು ಅದೇ 15ರ ಮೇಲೆ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಿಮ್ಮ ಊರಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸಿನಲ್ಲಿ. ಹೊರಗಿನ ವಾಯುಭಾರ ಕಡಿಮೆ ಇರುವುದರಿಂದ, ಗಾಳಿ ಪೂರ್ತಿ ಹೋದರೂ ಆ 15 ಪೌಂಡಿಗೆ ಮಂಗಳೂರಿಗಿಂತ ಒಂದೂವರೆ ಡಿಗ್ರಿಯಷ್ಟು ಕಡಿಮೆ ಸಿಗುತ್ತದೆ. ಹಾಗಾಗಿ ನಮ್ಮ ಕಸುಬಿನಲ್ಲಿ ಮೊದಲು ಕಲಿಸುವ ಪಾಠ ಇದು: ಒತ್ತಡ ನೋಡಿ ಸಮಾಧಾನ ಪಡಬೇಡ, ಉಷ್ಣತೆ ನೋಡು. ಅದೂ ಎಲ್ಲಿನ ಉಷ್ಣತೆ ಅಂತ ನೋಡು.

ಬಟ್ಟೆಗೆ ಮಾತ್ರ ಯಾಕೆ ಇಷ್ಟು ಕಾಟ

ಬಿಚ್ಚಿಟ್ಟ ಸ್ಟೀಲ್ ಕತ್ತರಿಗೆ ಹಬೆ ಹೊರಗಿನಿಂದ ತಾಗಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಬಟ್ಟೆ ಹಾಗಲ್ಲ. ಚಳಿಗೆ ನಾವು ರಗ್ಗು ಹೊದೆಯುವುದು ಯಾಕೆ? ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಶಾಖ ದಾಟದ ಹಾಗೆ ಮಾಡುವುದೇ ಬಟ್ಟೆಯ ಗುಣ. ನಾಲ್ಕು ಗೌನು, ಆರು ಟವೆಲು, ಎರಡು ದೊಡ್ಡ ಶೀಟು ಮಡಚಿ ಒಂದು ಗಂಟು ಕಟ್ಟಿದರೆ ಅದರಲ್ಲಿ ಬಟ್ಟೆ ಎಷ್ಟೋ ಅಷ್ಟೇ ಗಾಳಿಯೂ ಇರುತ್ತದೆ.

ಇದು ಹೊಸ ತಿಳಿವಳಿಕೆ ಅಲ್ಲ. 1881ರಲ್ಲಿ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಮತ್ತು ಜತೆಗಾರರು ಬಿಸಿಗಾಳಿಯನ್ನೂ ಹಬೆಯನ್ನೂ ಪರೀಕ್ಷಿಸಿ ನೋಡಿದರು. ಬಟ್ಟೆಯ ಗಂಟಿನೊಳಗೆ ಬಿಸಿಗಾಳಿ ಗಂಟೆಗಟ್ಟಲೆಯಾದರೂ ಸರಿಯಾಗಿ ಇಳಿಯಲಿಲ್ಲ, ಹಬೆ ಬೇಗ ಇಳಿಯಿತು. ಅದೇ ಊರಿನ ಸರ್ಜನ್ ಅರ್ನ್‌ಸ್ಟ್ ಫಾನ್ ಬರ್ಗ್‌ಮನ್ ಮತ್ತು ಅವರ ಸಹಾಯಕ ಕರ್ಟ್ ಶಿಮ್ಮೆಲ್‌ಬುಷ್ ಗಾಯಕ್ಕೆ ಕಟ್ಟುವ ಬಟ್ಟೆಯನ್ನು ಹಬೆಯಲ್ಲಿ ಸ್ಟೆರಿಲೈಸ್ ಮಾಡುವುದನ್ನು ರೂಢಿಗೆ ತಂದರು. ಗೋಡೆಯಲ್ಲಿ ತೂತುಗಳಿರುವ ದುಂಡನೆಯ ಲೋಹದ ಡಬ್ಬಿ ಬಳಸಿದರು. ಮೆಷಿನ್ನಿಗೆ ಹಾಕುವಾಗ ತೂತು ತೆರೆದಿರಬೇಕು, ತೆಗೆದ ಮೇಲೆ ಮುಚ್ಚಬೇಕು. ಇಂದಿಗೂ ನಮ್ಮ ಸಣ್ಣ ಆಸ್ಪತ್ರೆಗಳಲ್ಲಿ "ಡ್ರಮ್" ಅಂತ ಕರೆಯುವುದು ಇದೇ ಡಬ್ಬಿಯನ್ನು. ತೂತು ತೆರೆಯುವುದು ಮರೆತು ಹೋದರೆ ಒಳಗಿನ ಬಟ್ಟೆ ತನ್ನ ಗಾಳಿಯ ಜತೆ ಹಾಗೇ ಕೂತಿರುತ್ತದೆ.

ಹಳೆಯ ಮಾದರಿ ಆಟೋಕ್ಲೇವುಗಳು ಗಾಳಿಯನ್ನು ಅದರ ತೂಕದ ಮೇಲೆಯೇ ಹೊರಗೆ ಹಾಕುತ್ತವೆ. ಹಬೆಗಿಂತ ಗಾಳಿ ಭಾರ. ಮೇಲಿನಿಂದ ಹಬೆ ಬಿಟ್ಟರೆ ಗಾಳಿ ಕೆಳಗಿಳಿದು ತಳದ ಕೊಳವೆಯಿಂದ ಹೊರಡುತ್ತದೆ. ಅದಕ್ಕೆ ನಮ್ಮಲ್ಲಿ ಒಂದು ಸುಲಭ ಸೂತ್ರ ಇದೆ: ಗಾಳಿಯನ್ನು ನೀರು ಅಂದುಕೋ. ಬೇಸಿನ್ ನೆಟ್ಟಗೆ ಇಟ್ಟರೆ ಅದರಲ್ಲಿ ನೀರು ನಿಲ್ಲುತ್ತದೆ ಅಂದರೆ ಗಾಳಿಯೂ ನಿಲ್ಲುತ್ತದೆ. ಪಕ್ಕಕ್ಕೆ ವಾಲಿಸಿ ಇಟ್ಟರೆ ಸುರಿದು ಹೋಗುತ್ತದೆ. ಬಟ್ಟೆಯ ಮಡಿಕೆಗಳೂ ಅಷ್ಟೇ. ಒಂದರ ಮೇಲೊಂದು ಮಲಗಿಸದೆ, ಶೆಲ್ಫಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿದರೆ ಗಾಳಿ ಪದರಗಳ ನಡುವಿನಿಂದ ಕೆಳಗೆ ಜಾರುತ್ತದೆ. ಇಂಥ ಮೆಷಿನ್ನಿನಲ್ಲಿ ಬಟ್ಟೆಯ ಪ್ಯಾಕಿಗೆ 121 ಡಿಗ್ರಿಯಲ್ಲಿ 30 ನಿಮಿಷ ಕೊಡುತ್ತಾರೆ. 15ರ ಬದಲು 30 ಯಾಕೆ ಅಂದರೆ, ಹೆಚ್ಚಿನ ಸಮಯ ಹಬೆ ನಡುಮಧ್ಯ ತಲುಪುವುದಕ್ಕೇ ಹೋಗುತ್ತದೆ.

ಈಗಿನ ದೊಡ್ಡ ಮೆಷಿನ್ನುಗಳು ಗಾಳಿ ತಾನಾಗಿ ಇಳಿಯಲಿ ಅಂತ ಕಾಯುವುದಿಲ್ಲ. ಪಂಪಿನಿಂದ ಎಳೆದು ತೆಗೆಯುತ್ತವೆ. ಸ್ವಲ್ಪ ಹಬೆ ಬಿಡುವುದು, ಮತ್ತೆ ಎಳೆಯುವುದು, ಮತ್ತೆ ಬಿಡುವುದು, ಹೀಗೆ ಮೂರು ನಾಲ್ಕು ಸಲ. ಆಮೇಲೆ 132 ಡಿಗ್ರಿಯಲ್ಲಿ 4 ನಿಮಿಷ ಅಥವಾ 134ರಲ್ಲಿ 3 ನಿಮಿಷ. 30 ನಿಮಿಷದ ಕೆಲಸ ಇಷ್ಟಕ್ಕೆ ಇಳಿಯಿತು. ಆದರೆ ಇಷ್ಟು ಕಡಿಮೆ ಸಮಯದಲ್ಲಿ ಗಾಳಿ ಸ್ವಲ್ಪ ಉಳಿದರೂ ಅದನ್ನು ಸರಿದೂಗಿಸಲು ಅವಕಾಶವೇ ಇಲ್ಲ.

ಒಂದು ಕಾಗದದ ಪರೀಕ್ಷೆ

ಗಾಳಿ ಉಳಿದರೆ ಅದು ಎಲ್ಲಿ ಉಳಿಯುತ್ತದೆ? ಹಬೆ ನಾಲ್ಕೂ ದಿಕ್ಕಿನಿಂದ ಗಂಟಿನೊಳಗೆ ನುಗ್ಗುತ್ತದೆ. ಎದುರಿಗಿದ್ದ ಗಾಳಿಗೆ ಹಿಂದೆ ಸರಿಯದೆ ಬೇರೆ ದಾರಿ ಇಲ್ಲ. ಸರಿದು ಸರಿದು ಕೊನೆಗೆ ಎಲ್ಲವೂ ನಟ್ಟನಡುವೆ ಒಂದು ಗುಳ್ಳೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗೆಲ್ಲ 134 ಡಿಗ್ರಿ, ನಡುವಿನ ಗುಳ್ಳೆಯಲ್ಲಿ ಅದಕ್ಕಿಂತ ಕಡಿಮೆ, ಸಾಲದ್ದಕ್ಕೆ ಒಣ.

ಮೆಷಿನ್ನಿನಲ್ಲಿ ಬಟ್ಟೆ ಕಡಿಮೆ ಹಾಕಿದರೆ ಈ ತೊಂದರೆ ಕಡಿಮೆಯಾಗುತ್ತದೆ ಅಂತ ಅನ್ನಿಸಬಹುದು. ಆಗುವುದು ಉಲ್ಟಾ. ದೊಡ್ಡ ಮೆಷಿನ್ನಿನಲ್ಲಿ ಒಂದೇ ಗಂಟು ಇಟ್ಟರೆ, ಅಷ್ಟು ದೊಡ್ಡ ಜಾಗದಲ್ಲಿ ಉಳಿದ ಗಾಳಿಯನ್ನೆಲ್ಲ ಹಬೆ ಆ ಒಂದೇ ಗಂಟಿನೊಳಗೆ ತಳ್ಳುತ್ತದೆ. ಹತ್ತು ಗಂಟುಗಳಿದ್ದರೆ ಅದೇ ಗಾಳಿ ಹತ್ತು ಪಾಲಾಗುತ್ತದೆ.

ಈ ಗುಣವನ್ನೇ ಪರೀಕ್ಷೆಯಾಗಿ ಮಾಡಿದವರು ಎಡಿನ್‌ಬರೋದ ಬೋವಿ ಮತ್ತು ಡಿಕ್. ಅದರ ವಿವರ 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒರಟು ಹತ್ತಿ ಟವೆಲುಗಳನ್ನು ಮಡಚಿ ಸುಮಾರು 25ರಿಂದ 28 ಸೆಂಟಿಮೀಟರ್ ಎತ್ತರ ಪೇರಿಸಬೇಕು. ಶಾಖಕ್ಕೂ ತೇವಕ್ಕೂ ಬಣ್ಣ ತಿರುಗುವ ಟೇಪನ್ನು ಒಂದು ಕಾಗದದ ಮೇಲೆ ಗುಣಿಸು ಚಿಹ್ನೆಯ ಹಾಗೆ ಅಂಟಿಸಿ ನಟ್ಟನಡುವೆ ಇಡಬೇಕು. ಖಾಲಿ ಮೆಷಿನ್ನಿನಲ್ಲಿ ಈ ಒಂದೇ ಗಂಟು ಹಾಕಿ 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ ನಡೆಸಬೇಕು. ಟೇಪು ತುದಿಯಿಂದ ನಡುವಿನವರೆಗೆ ಒಂದೇ ಸಮನೆ ಕಪ್ಪಾಗಿದ್ದರೆ ಪಾಸು. ನಡುವೆ ಮಾತ್ರ ಬಣ್ಣ ಮಂಕಾಗಿದ್ದರೆ ಅಲ್ಲಿ ಗಾಳಿ ಕೂತಿತ್ತು ಅಂತ ಅರ್ಥ. ಇಂದು ಇದಕ್ಕೆ ಸಿದ್ಧ ಪ್ಯಾಕುಗಳು ಬರುತ್ತವೆ. ಜಗತ್ತಿನ ಬಹಳಷ್ಟು ಆಸ್ಪತ್ರೆಗಳ ಹಾಗೆ ನಮ್ಮಲ್ಲೂ ದಿನದ ಕೆಲಸ ಶುರುವಾಗುವುದು ಈ ಪರೀಕ್ಷೆಯಿಂದ. ಇದು ಬಟ್ಟೆ ಸ್ಟೆರಿಲೈಸ್ ಆಗಿದೆ ಅಂತ ಹೇಳುವ ಪರೀಕ್ಷೆ ಅಲ್ಲ. ಮೆಷಿನ್ ಇವತ್ತು ಗಾಳಿ ಎಳೆಯುತ್ತಿದೆಯಾ ಅನ್ನುವುದಕ್ಕಷ್ಟೇ ಉತ್ತರ ಕೊಡುತ್ತದೆ.

ಆ ಮಂಗಳವಾರ

ಕಳೆದ ಮಳೆಗಾಲದ ಒಂದು ಮಂಗಳವಾರ ಬೆಳಗ್ಗೆ ಏಳಕ್ಕೆ ನಾನು ಟೆಸ್ಟ್ ಪ್ಯಾಕ್ ಬಿಚ್ಚಿದೆ. ಕಾಗದದ ಸುತ್ತ ಕಪ್ಪು, ನಡುವೆ ಕೋಳಿಮೊಟ್ಟೆ ಗಾತ್ರದ ಒಂದು ಮಂಕು ಕಲೆ. ಮೆಷಿನ್ನಿನ ಪ್ರಿಂಟ್‌ಔಟ್ ನೋಡಿದೆ. ಉಷ್ಣತೆ 134, ಒತ್ತಡ ಸರಿ, ಸಮಯ ಸರಿ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಸೈಕಲ್ ಪೂರ್ತಿಯಾಯಿತು ಅಂತ ಬರೆದಿತ್ತು.

ಇನ್‌ಚಾರ್ಜ್ ಸಿಸ್ಟರ್‌ಗೆ ತೋರಿಸಿದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವರು. ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, "ಮೆಷಿನ್ ಬಂದ್ ಮಾಡು. ಬೋರ್ಡ್ ಹಾಕು" ಅಂದರು.

ದೊಡ್ಡ ಮೆಷಿನ್ ಇರುವುದು ಒಂದೇ. ಎಂಟೂವರೆಗೆ ಮೊದಲ ಆಪರೇಷನ್. ಹಿಂದಿನ ದಿನದ ಬಟ್ಟೆ ಸೆಟ್ ಉಳಿದಿದ್ದವು ನಾಲ್ಕು. ನಿನ್ನೆ ಬೆಳಗಿನ ಟೆಸ್ಟ್ ಸರಿ ಇತ್ತು, ಆದರೆ ಸಂಜೆಯ ಲೋಡ್ ಹೊತ್ತಿಗೆ ಮೆಷಿನ್ ಹೇಗಿತ್ತು? ಸಿಸ್ಟರ್ ಕೊನೆಯ ಲೋಡಿನ ಒಂದು ಸೆಟ್ ಬಿಚ್ಚಿ ನಡುವೆ ಇಟ್ಟಿದ್ದ ಪಟ್ಟಿ ನೋಡಿದರು. ಪೂರ್ತಿ ಬಣ್ಣ ತಿರುಗಿತ್ತು. ಉಳಿದ ಮೂರನ್ನು ತುರ್ತು ಹೆರಿಗೆಗೆ ಅಂತ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಎಂಟಕ್ಕೆ ಮೇಲಿನಿಂದ ಫೋನು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. "ಸಿಸ್ಟರ್, ರೀಡಿಂಗ್ ಎಲ್ಲ ಸರಿ ಇದೆಯಂತಲ್ಲ. ಒಂದು ಕಾಗದಕ್ಕೆ ಇಡೀ ಲಿಸ್ಟ್ ನಿಲ್ಲಿಸೋದಾ?"

"ಸರ್, ರೀಡಿಂಗ್ ಮೆಷಿನ್ನಿಂದು. ಕಾಗದ ಬಟ್ಟೆ ಒಳಗಿಂದು. ರೋಗಿಗೆ ಹೊದಿಸೋದು ಬಟ್ಟೆ ಸರ್."

ಫೋನ್ ಇಟ್ಟ ಮೇಲೆ ಅವರ ಕೈ ಸ್ವಲ್ಪ ನಡುಗುತ್ತಿದ್ದುದನ್ನು ನೋಡಿದೆ. ಇಂಥ ದಿನ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಬಟ್ಟೆ ಬಿಟ್ಟುಕೊಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆಗಿದ್ದರೂ ಹತ್ತು ದಿನದ ನಂತರ ಯಾರದೋ ಹೊಲಿಗೆ ಕೀವಾಗುತ್ತಿತ್ತು. ಅದಕ್ಕೆ ಮಂಗಳವಾರದ ಬಟ್ಟೆಯೇ ಕಾರಣ ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ.

ಒಂಬತ್ತಕ್ಕೆ ನನ್ನನ್ನು ವಾರ್ಡಿಗೆ ಕಳಿಸಿದರು. ಮೊದಲ ಕೇಸ್ ಹರ್ನಿಯಾ. ಹಳ್ಳಿಯಿಂದ ಬಂದ ಯಜಮಾನರು, ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ. ಪಕ್ಕದಲ್ಲಿ ಮಗ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ, ಬೆಂಗಳೂರಿನ ಐಟಿ ಹುಡುಗ. "ಏನ್ ಸರ್, ಒಂಬತ್ತಾಯ್ತು. ಅಪ್ಪಂಗೆ ನೀರೂ ಕೊಟ್ಟಿಲ್ಲ. ಯಾರೂ ಏನೂ ಹೇಳ್ತಿಲ್ಲ" ಅಂತ ಸಿಡುಕಿದ. ಸಿಡುಕಿದ್ದರಲ್ಲಿ ತಪ್ಪಿರಲಿಲ್ಲ. ನಾನು ಜೇಬಿನಿಂದ ಆ ಕಾಗದ ತೆಗೆದು ತೋರಿಸಿದೆ. ಕಪ್ಪು ಯಾಕೆ, ಮಂಕು ಯಾಕೆ ಅಂತ ಹೇಳಿದೆ.

ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಂದ್ರೆ ಡ್ಯಾಶ್‌ಬೋರ್ಡ್ ಎಲ್ಲ ಗ್ರೀನು, ಆದ್ರೆ ಟೆಸ್ಟ್ ಫೇಲ್ ಆಗಿದೆ. ಅದಕ್ಕೆ ರಿಲೀಸ್ ಮಾಡಿಲ್ಲ."

"ಹೌದು, ಅಷ್ಟೇ."

"ಸರಿ ಬಿಡಿ" ಅಂದು ಅಪ್ಪನ ಕಡೆ ತಿರುಗಿ, "ಅಪ್ಪಾ, ಬಟ್ಟೆ ಸರಿಯಾಗಿ ಬೆಂದಿಲ್ವಂತೆ. ಇನ್ನೊಂದ್ಸಲ ಬೇಯಿಸ್ತಾರಂತೆ" ಅಂದ. ಯಜಮಾನರು, "ಬೇಯಲಿ ಬಿಡಪ್ಪ, ಅವಸರ ಏನೈತೆ" ಅಂದರು. ಡಾಕ್ಟರನ್ನು ಕೇಳಿ ಸಿಸ್ಟರ್ ಅವರಿಗೆ ಸ್ವಲ್ಪ ನೀರು ಕೊಡಿಸಿದರು.

ಎಂಜಿನಿಯರ್ ಬಂದು ಲೀಕ್ ಟೆಸ್ಟ್ ಮಾಡಿದ. ಮೆಷಿನ್ನಿನ ಗಾಳಿ ಪೂರ್ತಿ ಎಳೆದು, ಎಲ್ಲ ವಾಲ್ವ್ ಮುಚ್ಚಿ, 10 ನಿಮಿಷದಲ್ಲಿ ಒಳಗಿನ ಒತ್ತಡ ಎಷ್ಟು ಏರುತ್ತದೆ ಅಂತ ನೋಡುವ ಪರೀಕ್ಷೆ ಅದು. ನಿಮಿಷಕ್ಕೆ 1.3 ಮಿಲಿಬಾರ್ ದಾಟಬಾರದು. ನಮ್ಮದು ದಾಟಿತು. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟಿನಲ್ಲಿ ಉಗುರಿನಷ್ಟು ಉದ್ದದ ಸೀಳು. ಪಂಪು ಒಳಗಿನ ಗಾಳಿ ಎಳೆದಾಗಲೆಲ್ಲ ಹೊರಗಿನ ಗಾಳಿ ಅಲ್ಲಿಂದ ನುಸುಳುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ಟೆಸ್ಟ್ ಮಾಡಿದಾಗ ಮಧ್ಯಾಹ್ನ ಹನ್ನೆರಡೂವರೆ. ಕಾಗದ ಪೂರ್ತಿ ಕಪ್ಪು. ಮೂರೂವರೆಗೆ ಯಜಮಾನರ ಆಪರೇಷನ್ ಆಯಿತು.

ಥರ್ಮಾಮೀಟರ್ ಸುಳ್ಳು ಅಂದುಕೊಂಡವರು

ಅಷ್ಟು ಸಣ್ಣ ಕಲೆಗೆ ಇಷ್ಟು ರಾದ್ಧಾಂತ ಬೇಕಿತ್ತಾ ಅಂತ ಕೇಳುವವರಿಗೆ ಸಿಸ್ಟರ್ ಒಂದು ಹಳೆಯ ಘಟನೆ ಹೇಳುತ್ತಾರೆ. ಅದು ಬಟ್ಟೆಯದಲ್ಲ, ಬಾಟಲಿಯದು. ಗಾಳಿ ಮಾತ್ರ ಅದೇ. 1971ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಒಂದು ಔಷಧ ಕಾರ್ಖಾನೆಯಲ್ಲಿ, ರಕ್ತನಾಳಕ್ಕೆ ಕೊಡುವ ಡೆಕ್ಸ್‌ಟ್ರೋಸ್ ಬಾಟಲಿಗಳನ್ನು ಆಟೋಕ್ಲೇವಿಗೆ ಹಾಕಿದರು. ಗಾಳಿ ತಳದಿಂದ ಹೊರಗೆ ಹೋಗಲಿಲ್ಲ. ಮೇಲಿನ ಬಾಟಲಿಗಳು ಕಾದವು, ಕೆಳಗಿನವು ಕಾಯಲಿಲ್ಲ. ತಳದ ಉಷ್ಣತೆ ಬರೆದುಕೊಳ್ಳುವ ಉಪಕರಣ ಅದನ್ನು ಸರಿಯಾಗಿಯೇ ತೋರಿಸಿತು. ನಡೆಸುತ್ತಿದ್ದವರು ಉಪಕರಣವೇ ಕೆಟ್ಟಿದೆ ಅಂದುಕೊಂಡು ಬೇರೆ ಮೀಟರನ್ನು ನಂಬಿದರು. ತಿಂಗಳುಗಟ್ಟಲೆ ಆ ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. 1972ರಲ್ಲಿ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಅವನ್ನು ಬಳಸಿದಾಗ ಐವರು ರೋಗಿಗಳು ಸತ್ತರು. ಸರ್ಕಾರ ನೇಮಿಸಿದ ಕ್ಲೋಥಿಯರ್ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ದೊಡ್ಡ ಸಂಚೇನೂ ಅದರ ಹಿಂದೆ ಇರಲಿಲ್ಲ. ಗಾಳಿ ಸಿಕ್ಕಿಹಾಕಿಕೊಂಡಿತ್ತು, ಮನುಷ್ಯರು ತಮಗೆ ಅನುಕೂಲವಾದ ಮೀಟರನ್ನು ನಂಬಿದ್ದರು.

ಮಡಿ ಅಂದರೆ ಇದೂ ಒಂದು

ಮೆಷಿನ್ ಎಷ್ಟೇ ಚೆನ್ನಾಗಿದ್ದರೂ ಅರ್ಧ ಕೆಲಸ ಮಡಚುವ ಟೇಬಲ್ ಮೇಲೆ ಆಗಿರಬೇಕು. ನಮ್ಮಲ್ಲಿ ಬಟ್ಟೆ ಮಡಚುವ ಅಕ್ಕನವರು ಮೂವರಿದ್ದಾರೆ. ಮೊದಲು ಒಂದೊಂದೇ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಾರೆ. ಆಮೇಲೆ ಮಡಿಕೆ. ಒತ್ತಿ ಒತ್ತಿ ಮಡಚಿದರೆ ನೋಡಲು ಚಂದ, ಕಪಾಟಿನಲ್ಲಿ ಹೆಚ್ಚು ಹಿಡಿಯುತ್ತದೆ. ಹಬೆಗೆ ಮಾತ್ರ ದಾರಿ ಇರುವುದಿಲ್ಲ. ಬಟ್ಟೆ ಪ್ಯಾಕು ಸುಮಾರು 30, 30, 50 ಸೆಂಟಿಮೀಟರ್ ಅಳತೆ ಮೀರಬಾರದು, ತೂಕ ಐದೂವರೆ ಕಿಲೋ ದಾಟಬಾರದು ಅನ್ನುವುದು ಬಹುಕಾಲದಿಂದ ನಡೆದು ಬಂದ ಲೆಕ್ಕ. ಹೊಸದಾಗಿ ಸೇರಿದವರಿಗೆ ಹಿರಿಯ ಅಕ್ಕ ಹೇಳಿಕೊಡುವುದು ಇದಕ್ಕಿಂತ ಸುಲಭ. ಮೆಷಿನ್ನಿನಲ್ಲಿ ಜೋಡಿಸಿದ ಎರಡು ಪ್ಯಾಕುಗಳ ನಡುವೆ ಅಂಗೈ ತೂರಿಸಿ ತೋರಿಸುತ್ತಾರೆ: "ಕೈ ಹೋಗ್ಲಿಲ್ಲ ಅಂದ್ರೆ ಹಬೆನೂ ಹೋಗಲ್ಲ ಕಣವ್ವ."

ಇಡ್ಲಿ ತಟ್ಟೆಯಲ್ಲಿ ತೂತು ಇರುವುದೂ, ಒಂದು ತಟ್ಟೆಯ ಗುಳಿ ಇನ್ನೊಂದರ ಗುಳಿಯ ಮೇಲೆ ಬಾರದ ಹಾಗೆ ಜೋಡಿಸುವುದೂ ಇದೇ ಕಾರಣಕ್ಕೆ. ಹಬೆಗೆ ದಾರಿ ಬೇಕು.

ಇಸ್ತ್ರಿ ಮಾಡಿ ಒಣಗಿ ಗರಿಗರಿಯಾದ ಬಟ್ಟೆಯನ್ನು ತಕ್ಷಣ ಮೆಷಿನ್ನಿಗೆ ಹಾಕುವ ಹಾಗಿಲ್ಲ. ತೀರಾ ಒಣಗಿದ ಹತ್ತಿ ಹಬೆಯ ತೇವವನ್ನೆಲ್ಲ ಹೀರಿಕೊಂಡು ತಾನೇ ಅತಿಯಾಗಿ ಬಿಸಿಯಾಗುತ್ತದೆ. ಆಗ ಪ್ಯಾಕಿನೊಳಗೆ ಇರುವುದು ಒಣ ಬಿಸಿ ಮಾತ್ರ. ಅದಕ್ಕೆ ಬಟ್ಟೆಯನ್ನು ಒಂದಷ್ಟು ಹೊತ್ತು ಕೋಣೆಯ ಗಾಳಿಯಲ್ಲಿ ಬಿಟ್ಟು ಆಮೇಲೆ ಹಾಕುತ್ತೇವೆ.

ಹೊರಬಂದ ಪ್ಯಾಕು ಒದ್ದೆ ಇದ್ದರೆ ಅದೂ ಲೆಕ್ಕಕ್ಕಿಲ್ಲ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಸೂಕ್ಷ್ಮಾಣುಗಳು ಒಳಗೆ ಇಳಿಯಬಲ್ಲವು. ನೆಲಕ್ಕೆ ಬಿದ್ದರೆ, ಹರಿದರೆ, ಒದ್ದೆ ಕೈಯಲ್ಲಿ ಮುಟ್ಟಿದರೆ ಮೊದಲಿನಿಂದ ಶುರು. ನಮ್ಮಜ್ಜಿ ಕೋಲಿನಿಂದ ಎತ್ತಿ ಒಣಹಾಕಿದ ಮಡಿ ಸೀರೆಯ ನಿಯಮಗಳೇ ನೆನಪಾಗುತ್ತವೆ. ಒಂದೇ ವ್ಯತ್ಯಾಸ, ಈ ಮಡಿಗೆ ಜಾತಿ ಇಲ್ಲ. ಯಾರು ಮುಟ್ಟಿದರು ಅನ್ನುವುದಲ್ಲ, ಹೇಗೆ ಮುಟ್ಟಿದರು ಅನ್ನುವುದಷ್ಟೇ ಪ್ರಶ್ನೆ.

ನೀವು ಏನು ನೋಡಬಹುದು

ಆಪರೇಷನ್ ಥಿಯೇಟರಿನೊಳಗೆ ನೀವು ಹೋಗುವುದಿಲ್ಲ, ನಿಜ. ಆದರೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತೀರಿ, ಟ್ಯಾಟೂ ಹಾಕಿಸಿಕೊಳ್ಳುತ್ತೀರಿ, ಅಪ್ಪನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸುತ್ತೀರಿ. ಪ್ಯಾಕನ್ನು ನಿಮ್ಮೆದುರೇ ಬಿಚ್ಚಲಿ. ಅದು ಒಣಗಿದೆಯಾ, ಹರಿದಿಲ್ಲವಾ, ದಿನಾಂಕ ಬರೆದಿದೆಯಾ ನೋಡಿ. ಹೊರಗಿನ ಟೇಪಿನ ಗೆರೆಗಳು ಕಪ್ಪಾಗಿದ್ದರೆ ಪ್ಯಾಕು ಮೆಷಿನ್ನಿನೊಳಗೆ ಹೋಗಿ ಬಂದಿದೆ ಅಂತ ಮಾತ್ರ ಗೊತ್ತಾಗುತ್ತದೆ. ನಡುಮಧ್ಯ ಏನಾಗಿದೆ ಅಂತ ಹೇಳುವುದು ಒಳಗೆ ಇಡುವ ಪಟ್ಟಿ. "ಒಳಗಿನ ಇಂಡಿಕೇಟರ್ ತೋರಿಸ್ತೀರಾ?" ಅಂತ ವಿನಯದಿಂದ ಕೇಳಿ. ಸರಿಯಾಗಿ ಕೆಲಸ ಮಾಡುವವರು ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ.

ಮನೆಯ ಕುಕ್ಕರಿನಲ್ಲಿ ಬಟ್ಟೆ ಬೇಯಿಸಿ ಗಾಯಕ್ಕೆ ಕಟ್ಟುವ ಸಾಹಸ ಬೇಡ. ಪೂರ್ತಿ ನೀರಲ್ಲಿ ಮುಳುಗಿಸಿ ಕುದಿಸಿದರೆ ದಿನಬಳಕೆಗೆ ಬಟ್ಟೆ ಚೆನ್ನಾಗಿ ಶುಚಿಯಾಗುತ್ತದೆ. ಒಣ ಬಟ್ಟೆಯ ಗಂಟನ್ನು ಒಳಗಿಟ್ಟು ನಾಲ್ಕು ವಿಷಲ್ ಕೂಗಿಸಿದರೆ ಸ್ಟೆರಿಲೈಸ್ ಆಯಿತು ಅಂತ ನಂಬಬೇಡಿ. ವಿಷಲ್ ಒತ್ತಡವನ್ನು ಹೇಳುತ್ತದೆ, ಗಂಟಿನ ನಡುವಿನ ಗಾಳಿಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಔಷಧಿ ಅಂಗಡಿಯಲ್ಲಿ ಸ್ಟೆರೈಲ್ ಗಾಜ್ ಕಡಿಮೆ ಬೆಲೆಗೆ ಸಿಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮವರ ಆಪರೇಷನ್ ಯಾವತ್ತಾದರೂ ತಡವಾದರೆ ಕಾರಣ ಕೇಳಿ, ಕೇಳುವುದು ನಿಮ್ಮ ಹಕ್ಕು. "ಸ್ಟೆರಿಲೈಸರ್ ಟೆಸ್ಟ್ ಪಾಸ್ ಆಗಿಲ್ಲ, ಮತ್ತೆ ಮಾಡ್ತಾ ಇದ್ದೀವಿ" ಅಂತ ಉತ್ತರ ಬಂದರೆ ಜಗಳ ಮಾಡಬೇಡಿ. ಕ್ಯಾಂಟೀನಿಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ನೆಲಮಾಳಿಗೆಯಲ್ಲಿ ಯಾರೋ ಒಬ್ಬರು ನಿಮ್ಮವರ ಪರವಾಗಿ ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದಾರೆ.